ಬೆಂಕಿಯವರ ಗಮನಕ್ಕೆ

ಪ್ರತಿ ವರ್ಷ ಫೆಬ್ರವರಿ ಹುಟ್ಟಿತೆಂದರೆ ನಮ್ಮ ಅರಣ್ಯ ಇಲಾಖೆಗೆ ಒಂದು ಆಘಾತ ಕಾದಿರುತ್ತದೆ: ಬೇಸಿಗೆ ಬಂದುಬಿಡುತ್ತದೆ. ಹೋದ ವರ್ಷವೂ ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು, ಟಿಪ್ಪುವಿನ ಕಾಲದಲ್ಲೂ ತಪ್ಪದೆ ಬರುತ್ತಿತ್ತೆಂದು ಬಲ್ಲವರು ಹೇಳುತ್ತಾರೆ. ಕಡತದಲ್ಲಿ ಮಾತ್ರ ಅದು ಪ್ರತಿ ಸಲವೂ ‘ವಾಡಿಕೆಗಿಂತ ಮುಂಚಿತವಾಗಿ’ ಬಂದು, ಅದು ತಂದ ಕಾಡ್ಗಿಚ್ಚು ‘ಸಿಬ್ಬಂದಿ ಕೊರತೆಯ ನಡುವೆಯೂ’ ಹತೋಟಿಗೆ ಸಿಕ್ಕಿ, ‘ಕಿಡಿಗೇಡಿಗಳ ಕೃತ್ಯ’ ಎಂಬಲ್ಲಿಗೆ ಮುಗಿಯುತ್ತದೆ. ಈ ಮೂರು ಮಾತನ್ನು ಅಚ್ಚು ಹಾಕಿಸಿ ಇಟ್ಟುಕೊಂಡರೆ ವರ್ಷವರ್ಷವೂ ಪತ್ರಿಕಾ ಪ್ರಕಟಣೆ ಬರೆಯುವ ತೊಂದರೆ ತಪ್ಪುತ್ತದೆ. ತಾರೀಖು ತುಂಬಿದರೆ ಸಾಕು.

ಇದಕ್ಕೂ ಮೊದಲು ಪೂರ್ವಭಾವಿ ಸಭೆ ಎಂಬುದೊಂದಿದೆ. ಡಿಸೆಂಬರಿನಲ್ಲಿ ನಡೆಯಬೇಕಾದ್ದು. ಡಿಸೆಂಬರಿನಲ್ಲಿ ಅಧಿವೇಶನ, ಜನವರಿಯಲ್ಲಿ ವರ್ಗಾವಣೆಯ ಗುಸುಗುಸು, ಹೀಗೆ ಸರಿದು ಸರಿದು ಅದು ಮೊದಲ ಹೊಗೆಯ ಮಗ್ಗುಲಿಗೇ ಬಂದು ಕೂರುತ್ತದೆ. ಸಭೆಯಲ್ಲಿ ಗೋಡಂಬಿ, ಬಾದಾಮಿ, ನೀರಿನ ಬಾಟಲಿ, ಪರದೆಯ ಮೇಲೊಂದು ನಕ್ಷೆ. ನಕ್ಷೆಯಲ್ಲಿ ಕೆಂಪು, ಕಿತ್ತಳೆ, ಹಳದಿ. ಎಲ್ಲಿ ಬೆಂಕಿ ಬೀಳುತ್ತದೆ ಎಂಬುದು ಗೊತ್ತು, ಯಾವ ತಿಂಗಳು ಬೀಳುತ್ತದೆ ಎಂಬುದು ಗೊತ್ತು, ಮಧ್ಯಾಹ್ನದ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದೂ ಗೊತ್ತು. ದೇಶದ ಅರಣ್ಯದಲ್ಲಿ ಶೇ 36ಕ್ಕೂ ಹೆಚ್ಚು ಭಾಗ ಪದೇ ಪದೇ ಬೆಂಕಿಗೆ ತುತ್ತಾಗುವಂಥದ್ದು ಎಂದು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2019ರ ವರದಿಯಲ್ಲೇ ಬರೆದು ಕೊಟ್ಟಿದೆ. ಇಷ್ಟು ಪ್ರಾಮಾಣಿಕನಾದ ಶತ್ರು ಲೋಕದಲ್ಲಿ ಇನ್ನೊಬ್ಬನಿಲ್ಲ. ಕಳ್ಳ ತಾನು ಬರುವ ದಿನ, ದಾರಿ, ಹೊತ್ತು ಮೂರನ್ನೂ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದಾನೆ, ಮನೆಯವರು ಬೀಗ ಕೊಳ್ಳಲು ಟೆಂಡರು ಕರೆಯುತ್ತಿದ್ದಾರೆ.

ಟೆಂಡರಿನ ಮಾತು ಬಂದಿದ್ದರಿಂದ ಬೆಂಕಿ ರೇಖೆಯ ವಿಷಯ ಹೇಳಿಬಿಡಬೇಕು. ಕಾಡಿನ ಅಂಚಿನಲ್ಲಿ, ರಸ್ತೆಯ ಎರಡೂ ಬದಿಯಲ್ಲಿ, ಬೀಟಿಗೂ ಬೀಟಿಗೂ ನಡುವೆ ಹುಲ್ಲು, ಪೊದೆ ಸವರಿ, ಒಣಗಲು ಬಿಟ್ಟು, ಬಿಸಿಲು ಬಲಿಯುವ ಮುಂಚೆ ಒಂದು ತಣ್ಣನೆ ಬೆಳಗ್ಗೆ ಸುಟ್ಟು ಬಯಲು ಮಾಡುವುದು. ಮುಂದೆ ಬೆಂಕಿ ಬಂದರೆ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ನಿಲ್ಲಬೇಕು. ಉಪಾಯ ಒಳ್ಳೆಯದೇ. ಹಳೆಯದೂ ಹೌದು. ಒಂದೇ ತೊಡಕೆಂದರೆ ಹುಲ್ಲು ಒಣಗುವುದು ಸೂರ್ಯನ ಲೆಕ್ಕದಲ್ಲಿ, ಹಣ ಬರುವುದು ಹಣಕಾಸು ಇಲಾಖೆಯ ಲೆಕ್ಕದಲ್ಲಿ. ಕಾಡ್ಗಿಚ್ಚು ತಡೆಗೆಂದೇ ಕೇಂದ್ರದ ಒಂದು ಯೋಜನೆಯಿದೆ. ಅರವತ್ತು ಪಾಲು ದೆಹಲಿಯದು, ನಲವತ್ತು ಪಾಲು ರಾಜ್ಯದ್ದು. ದೆಹಲಿ ಬೆಂಗಳೂರಿನ ಕಡೆ ನೋಡುತ್ತದೆ, ಬೆಂಗಳೂರು ದೆಹಲಿಯ ಕಡೆ ನೋಡುತ್ತದೆ, ಬೆಂಕಿ ಮಾತ್ರ ನೂರಕ್ಕೆ ನೂರು ಸ್ಥಳೀಯ ಬಂಡವಾಳದಲ್ಲೇ ಕೆಲಸ ಶುರುಮಾಡುತ್ತದೆ. ಹಣ ಬರುವ ಹೊತ್ತಿಗೆ ರೇಖೆ ಎಳೆಯುವ ಕಾಲ ಮುಗಿದಿರುತ್ತದೆ, ಮಾರ್ಚ್ ಮೂವತ್ತೊಂದು ಮಾತ್ರ ಮುಗಿದಿರುವುದಿಲ್ಲ. ಆಗ ಕೆಲವು ರೇಖೆಗಳು ನೇರ ಅಳತೆ ಪುಸ್ತಕದಲ್ಲೇ ಮೂಡುತ್ತವೆ ಎಂದು ಕುಹಕಿಗಳು ಆಡಿಕೊಳ್ಳುವುದುಂಟು. ನಾನು ನಂಬುವುದಿಲ್ಲ. ಲಕ್ಷ್ಮಣ ಗೆರೆ ಎಳೆದದ್ದು ಬಿಲ್ಲಿನಿಂದ. ನಮ್ಮವರು ಎಳೆಯುವುದೂ ಬಿಲ್ಲಿನಿಂದಲೇ.

ಇನ್ನು ಸೈನ್ಯ. ದಿನಗೂಲಿಯ ಫೈರ್ ವಾಚರು. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಅವನಿಗೆ ಕೆಲಸ, ಉಳಿದ ತಿಂಗಳಲ್ಲಿ ಅವನು ಕಾಡಿಗೆ ಕಾಲಿಟ್ಟರೆ ಅತಿಕ್ರಮ ಪ್ರವೇಶ. ಅವನ ಆಯುಧ ಒಂದು ಮಚ್ಚು, ಆ ಮಚ್ಚಿನಿಂದ ಅಲ್ಲೇ ಕಡಿದುಕೊಂಡ ಹಸಿ ಸೊಪ್ಪಿನ ಕೊಂಬೆ, ಕಾಲಿಗೆ ಹವಾಯಿ ಚಪ್ಪಲಿ, ಕುಡಿಯಲು ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ನೀರು. ಈಚೆಗೆ ಕೆಲವು ಕಡೆ ಎಲೆ ಊದುವ ಯಂತ್ರ ಕೊಟ್ಟಿದ್ದಾರೆ. ಇದು ನಿಜಕ್ಕೂ ಉಪಯೋಗದ ವಸ್ತು, ತರಗು ಬದಿಗೆ ಹಾರಿಸಿ ಬೆಂಕಿಯ ದಾರಿ ಕಡಿಯುತ್ತದೆ. ಯಂತ್ರಕ್ಕೆ ಪೆಟ್ರೋಲು ಬೇಕೆಂಬುದನ್ನು ಯಂತ್ರ ಕೊಂಡವರು ಮುಂದಿನ ಸಾಲಿನ ಆಯವ್ಯಯದಲ್ಲಿ ಸೇರಿಸಲಿದ್ದಾರೆ. ಮಲಗಲು ಹತ್ತಿರದ ಕಳ್ಳಬೇಟೆ ತಡೆ ಶಿಬಿರ, ಊಟಕ್ಕೆ ಅಲ್ಲಿನ ಅನ್ನ ಸಾರು. ಎದುರಿಗೆ ಆಳೆತ್ತರ ಏಳುವ ಜ್ವಾಲೆ.

ಇವನು ಸೋಲಿಗನೋ ಜೇನುಕುರುಬನೋ ಆಗಿರುತ್ತಾನೆ ಅಥವಾ ಕಾಡಂಚಿನ ಹಳ್ಳಿಯ ಬಡವ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕ ಬೆಂಕಿ ಆರಿಸಲು ಹೋಗಿ ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು. ಎರಡು ಸಲವೂ ಹುತಾತ್ಮ ಎಂಬ ಮಾತು ಬಂತು, ಪರಿಹಾರದ ಘೋಷಣೆ ಬಂತು. ಹುತಾತ್ಮ ಎನ್ನಲು ಖರ್ಚಿಲ್ಲ. ಬೆಂಕಿ ತಡೆಯುವ ಬಟ್ಟೆ, ಬೂಟು, ಹೆಲ್ಮೆಟ್ಟಿಗೆ ಖರ್ಚಿದೆ.

ಆದರೆ ತಂತ್ರಜ್ಞಾನದ ವಿಷಯದಲ್ಲಿ ನಾವು ಹಿಂದುಳಿದಿದ್ದೇವೆಂದು ಯಾರೂ ಹೇಳುವಂತಿಲ್ಲ. ಡೆಹ್ರಾಡೂನಿನ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದಲೇ ಉಪಗ್ರಹದ ಕಣ್ಣಿನಿಂದ ಬೆಂಕಿ ಹುಡುಕುತ್ತಿದೆ. ಭೂಮಿಗಿಂತ ಎಂಟುನೂರು ಕಿಲೋಮೀಟರಿಗೂ ಮೇಲೆ ಸುತ್ತುವ ಉಪಗ್ರಹ 375 ಮೀಟರಿನ ಚೌಕಗಳಾಗಿ ನೆಲವನ್ನು ನೋಡುತ್ತದೆ, ಬಿಸಿ ಕಂಡ ಚೌಕದ ಅಕ್ಷಾಂಶ ರೇಖಾಂಶವನ್ನು ಕೆಳಗೆ ಕಳಿಸುತ್ತದೆ, ಅದು ಎಸ್‌ಎಂಎಸ್ ಆಗಿ ಆಯಾ ಬೀಟಿನವರ ಮೊಬೈಲಿಗೆ ಬರುತ್ತದೆ. ಬಾಹ್ಯಾಕಾಶದಿಂದ ಡೆಹ್ರಾಡೂನಿಗೆ, ಡೆಹ್ರಾಡೂನಿನಿಂದ ಚಾಮರಾಜನಗರಕ್ಕೆ ಸಲೀಸಾಗಿ ಬಂದ ಈ ಸಂದೇಶ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಟವರ್ ಇಲ್ಲದೆ ನಿಂತುಬಿಡುತ್ತದೆ. ಗಾರ್ಡು ಸಂಜೆ ಊರಿಗೆ ಬಂದು ಟೀ ಅಂಗಡಿಯಲ್ಲಿ ಕೂತಾಗ ಜೇಬು ಟಣ್ ಎನ್ನುತ್ತದೆ. ತಾನು ಬೆಳಗ್ಗಿನಿಂದ ಬಡಿದು ಬಡಿದು ಆರಿಸಿದ ಬೆಂಕಿ ಹತ್ತಿಕೊಂಡಿದೆ ಎಂದು ಅವನಿಗೆ ಆಗ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಸ್ಥಳ ಪರಿಶೀಲನೆಯ ಉತ್ತರವನ್ನೂ ತುಂಬಬೇಕು. ವೈರ್‌ಲೆಸ್ಸಿನಲ್ಲಿ ಸಾಹೇಬರಿಗೂ ವಾಚರಿಗೂ ನಡೆದಿರಬಹುದಾದ ಒಂದು ಸಂಭಾಷಣೆಯನ್ನು ಊಹಿಸಿಕೊಳ್ಳಿ.

“ಎಲ್ಲಿದ್ದೀಯಯ್ಯಾ?”

“ಬೆಂಕಿ ಪಕ್ಕದಲ್ಲೇ ಇವ್ನಿ ಸಾ.”

“ಫೋಟೋ ಹಾಕು. ಜಿಯೋ ಟ್ಯಾಗ್ ಇರಲೇಬೇಕು, ಮೇಲಿನವರು ಕೇಳ್ತಿದಾರೆ.”

“ನೆಟ್‌ವರ್ಕ್ ಸಿಕ್ತಿಲ್ಲ ಸಾ.”

“ಸಿಗೋ ಕಡೆ ಹೋಗಿ ಹಾಕು.”

“ಅಲ್ಲಿ ಬೆಂಕಿ ಇಲ್ವಲ್ಲ ಸಾ.”

“ಬೆಂಕಿ ಇಲ್ಲ ಅಂತಲೇ ಬರೆದು ಹಾಕು ಮತ್ತೆ. ಒಳ್ಳೇದೇ ಆಯ್ತು.”

2019ರ ಫೆಬ್ರವರಿಯನ್ನು ನೆನೆಯದೆ ಈ ಪುರಾಣ ಮುಂದಕ್ಕೆ ಹೋಗುವಂತಿಲ್ಲ. ಆ ತಿಂಗಳ ಮೂರನೆಯ ವಾರ ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ. 20ರಿಂದ 24ರವರೆಗೆ ದೇಶವಿದೇಶದ ವಿಮಾನ, ಹೆಲಿಕಾಪ್ಟರುಗಳು ಆಕಾಶದಲ್ಲಿ ಲಾಗ ಹಾಕಿದವು. ಅದೇ ದಿನಗಳಲ್ಲಿ ಬಂಡೀಪುರ ಹೊತ್ತಿಕೊಂಡಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತ, ಕುಂದಕೆರೆ ಕಡೆ, ಗಾಳಿ ಬೀಸಿದ ಕಡೆಗೆಲ್ಲ. ಹಿಂದಿನ ವರ್ಷಗಳಲ್ಲಿ ಹೂಬಿಟ್ಟು ಸತ್ತ ಬಿದಿರು ಮೆಳೆಮೆಳೆಯಾಗಿ ನಿಂತಿತ್ತು, ಅದರ ಬುಡದಲ್ಲಿ ಒಣ ಲಂಟಾನ. ಇಷ್ಟು ಅಚ್ಚುಕಟ್ಟಾಗಿ ಒಲೆ ಹೂಡಿಟ್ಟಿದ್ದನ್ನು ಕಂಡ ಮೇಲೂ ಹತ್ತಿಕೊಳ್ಳದಿದ್ದರೆ ಬೆಂಕಿಗೇ ಅವಮಾನ.

23ನೇ ತಾರೀಖು ಶನಿವಾರ ಬೆಂಕಿ ಬೆಂಗಳೂರಿಗೂ ಬಂತು. ಏರೋ ಇಂಡಿಯಾದ ವಾಹನ ನಿಲುಗಡೆಯ ಬಯಲಿನಲ್ಲಿ ಒಣಹುಲ್ಲಿಗೆ ಕಿಡಿ ತಾಗಿ ಸುಮಾರು ಮುನ್ನೂರು ಕಾರುಗಳು ಸುಟ್ಟವು. ಆ ದಿನ ಟೀವಿ ವಾಹಿನಿಗಳು ಪಟ್ಟ ಸಂಕಟ ಹೇಳತೀರದು. ಎರಡು ಬೆಂಕಿಗೂ ಕಾರಣ ಒಂದೇ, ಸವರದೆ ಬಿಟ್ಟ ಒಣ ಉರುವಲು. ಆದರೆ ಕಾರಿಗೆ ವಿಮೆಯಿತ್ತು, ನೋಂದಣಿ ಸಂಖ್ಯೆಯಿತ್ತು, ಎಷ್ಟು ಸುಟ್ಟವೆಂದು ಸಂಜೆಯೊಳಗೆ ಒಂದೊಂದಾಗಿ ಎಣಿಸಿದರು. ಕಾಡಿನಲ್ಲಿ ಸುಟ್ಟದ್ದೆಷ್ಟೆಂದು ಎಣಿಸಲು ಮತ್ತೆ ಉಪಗ್ರಹವೇ ಬೇಕಾಯಿತು. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಹೇಳಿದ ಲೆಕ್ಕ ಸುಮಾರು 4,420 ಹೆಕ್ಟೇರು, ಎಂದರೆ ಹತ್ತು ಸಾವಿರ ಎಕರೆಗೂ ಮೇಲೆ. ಅಷ್ಟು ಹೊತ್ತಿಗೆ ಬೇರೆ ಯಾವುಯಾವುದೋ ದೇಶದ ಹಳೆಯ ಬೆಂಕಿಯ ಚಿತ್ರಗಳು ಬಂಡೀಪುರದವೆಂದು ವಾಟ್ಸಾಪಿನಲ್ಲಿ ಹರಿದಾಡಿ, ಜನ ಅಳುವುದನ್ನೂ ಮುಗಿಸಿದ್ದರು.

25ನೇ ತಾರೀಖು ಸೋಮವಾರ, ಪ್ರದರ್ಶನ ಮುಗಿದ ಮರುದಿನ, ವಾಯುಪಡೆಯ ಎರಡು ಎಂಐ-17 ಹೆಲಿಕಾಪ್ಟರುಗಳು ದೊಡ್ಡ ದೊಡ್ಡ ಬಕೆಟ್ ನೇತುಹಾಕಿಕೊಂಡು ಬಂಡೀಪುರಕ್ಕೆ ಬಂದವು. ಇದನ್ನು ಕಾಕತಾಳೀಯ ಎಂದೇ ನಾನು ದಾಖಲಿಸುತ್ತೇನೆ. ವಾಯುಪಡೆಯವರು ಕೇಳಿದ ಮೇಲೆ ಬಂದರು, ಕೇಳಬೇಕಾದವರಿಗೆ ಕೇಳಲು ಹೊತ್ತು ಹಿಡಿಯಿತು, ಅಷ್ಟೇ. ಕೆರೆಯಿಂದ ನೀರು ಮೊಗೆದು ಬೆಟ್ಟದ ಮೇಲೆ ಸುರಿದವು. ದೃಶ್ಯ ಭವ್ಯವಾಗಿತ್ತು. ನೀರು ಸುರಿದ ಜಾಗದಲ್ಲಿ ಉಳಿದ ಕೆಂಡವನ್ನು ಸೊಪ್ಪಿನಿಂದ ಬಡಿದು ಆರಿಸಿದವರು ಯಾರೆಂಬುದು ಕ್ಯಾಮೆರಾಕ್ಕೆ ಬೀಳಲಿಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಮನುಷ್ಯರು ಸಣ್ಣಗೆ ಕಾಣುತ್ತಾರೆ.

ಮೇಲಿನಿಂದ ನೀರು ಸುರಿಯುವ ಈ ತಂತ್ರವನ್ನು ಮೊದಲು ಪ್ರಯೋಗಿಸಿದವನು ಇಂದ್ರ. ಶ್ವೇತಕಿ ರಾಜ ಹನ್ನೆರಡು ವರ್ಷ ಎಡೆಬಿಡದೆ ಸುರಿದ ತುಪ್ಪ ಕುಡಿದು ಅಗ್ನಿಗೆ ಅಜೀರ್ಣವಾಯಿತು. ಮದ್ದಿಗಾಗಿ ಬ್ರಹ್ಮನಲ್ಲಿಗೆ ಹೋದ, ಬ್ರಹ್ಮ ಖಾಂಡವ ವನವನ್ನು ಬರೆದುಕೊಟ್ಟ. ಕಾಡಿಗೆ ಬೆಂಕಿ ಬೀಳಲು ಮೇಲಧಿಕಾರಿಯ ಮಂಜೂರಾತಿ ಸಿಕ್ಕ ಉದಾಹರಣೆ ಅದೊಂದೇ. ಆದರೂ ಏಳು ಸಲ ಹತ್ತಿಸಿದರೂ ಉರಿಯಲಿಲ್ಲ, ಕಾಡಿನ ಪ್ರಾಣಿಗಳೇ ಸೊಂಡಿಲಿನಲ್ಲಿ, ಹೆಡೆಯಲ್ಲಿ ನೀರು ತಂದು ಆರಿಸಿಬಿಟ್ಟವು. ಆ ಕಾಲದ ದಿನಗೂಲಿ ನೌಕರರು. ಕೊನೆಗೆ ಕೃಷ್ಣಾರ್ಜುನರು ಕಾವಲಿಗೆ ನಿಂತರು, ಇಂದ್ರನ ಮಳೆಯನ್ನೆಲ್ಲ ಅರ್ಜುನ ಬಾಣದ ಚಪ್ಪರದಲ್ಲಿ ತಡೆದ, ಕಾಡು ಉರಿದು ಮುಗಿಯಿತು. ಇಂದ್ರ ಅಷ್ಟೆಲ್ಲ ಹೆಣಗಿದ್ದು ಗೆಳೆಯ ತಕ್ಷಕನಿಗಾಗಿ. ತಕ್ಷಕ ಆ ದಿನ ಊರಿನಲ್ಲೇ ಇರಲಿಲ್ಲ, ಕುರುಕ್ಷೇತ್ರದ ಕಡೆ ಪ್ರವಾಸ ಹೋಗಿದ್ದ. ದೊಡ್ಡವರು ಬೆಂಕಿಯ ದಿನ ಕೇಂದ್ರಸ್ಥಾನದಲ್ಲಿ ಇರದ ಪದ್ಧತಿ ಆಗಿನಿಂದಲೇ ನಡೆದುಬಂದಿದೆ.

ಈಗ ಕಿಡಿಗೇಡಿಗಳ ಬಗ್ಗೆ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯ ಹಚ್ಚಿದವೇ, ಇದರಲ್ಲಿ ತಕರಾರಿಲ್ಲ. ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆಂಬ ಕಥೆಯನ್ನು ಈಗ ಶಾಲೆಯ ಪ್ರಬಂಧಗಳಲ್ಲಷ್ಟೇ ಕಾಣಬಹುದು. ಬೀಡಿಯ ತುಂಡು ಎಸೆದವನಿದ್ದಾನೆ, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ದನಗಾಹಿ ಇದ್ದಾನೆ, ಗಾರ್ಡಿನ ಮೇಲಿನ ಸಿಟ್ಟಿಗೆ ಕಡ್ಡಿ ಗೀರಿದವನೂ ಇದ್ದಾನೆ. ರೆಸಾರ್ಟಿನ ಹಿಂದೆ ‘ಕ್ಯಾಂಪ್ ಫೈರ್’ ಮಾಡುವವನೂ ಇದ್ದಾನೆ, ಆದರೆ ಅವನನ್ನು ಕಿಡಿಗೇಡಿ ಎನ್ನುವುದಿಲ್ಲ, ಅತಿಥಿ ಎನ್ನುತ್ತಾರೆ. ನನಗಿರುವ ಅನುಮಾನ ಬೇರೆ. ಕಡ್ಡಿ ಗೀರಿದವನು ಯಾರೆಂದು ಇಷ್ಟು ಹುಡುಕುವವರು, ಗೀರಿದ ಕಡ್ಡಿಗೆ ಹತ್ತು ಸಾವಿರ ಎಕರೆ ಉರಿಯುವಷ್ಟು ಸೌದೆ ಅಲ್ಲಿ ಶೇಖರಿಸಿಟ್ಟವರು ಯಾರೆಂದು ಯಾಕೆ ಹುಡುಕುವುದಿಲ್ಲ?

ಹುಡುಕಿದರೆ ಹಳೆಯ ಕಡತಗಳ ತನಕ ಹೋಗಬೇಕಾಗುತ್ತದೆ. 1864ರಲ್ಲಿ ಬ್ರಾಂಡಿಸ್ ಸಾಹೇಬರು ಹಿಂದೂಸ್ತಾನದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಯುರೋಪಿನ ಕಾಡು ಕಂಡ ಕಣ್ಣಿಗೆ ಇಲ್ಲಿನ ಜನ ವರ್ಷವರ್ಷ ಕಾಡಿಗೆ ಬೆಂಕಿ ಕೊಡುವುದು ಹುಚ್ಚಾಗಿ ಕಂಡಿತು. ಬೆಂಕಿಯಿಂದ ಕಾಡನ್ನು ರಕ್ಷಿಸುವುದೇ ಅರಣ್ಯಶಾಸ್ತ್ರದ ಮೊದಲ ಪಾಠವಾಯಿತು. ಆದರೆ ಬಂಗಾಳ, ಅಸ್ಸಾಮುಗಳಲ್ಲಿ ಬೆಂಕಿ ತಡೆದ ಸಾಲವೃಕ್ಷದ ಕಾಡಿನಲ್ಲಿ ಎಳೆಯ ಸಸಿ ಏಳದೆ ಹೋಯಿತು, ಬರ್ಮಾದ ತೇಗದ ಕಾಡಿನಲ್ಲೂ ಅದೇ ಗೋಳು. 1890ರ ದಶಕದಲ್ಲೇ ಬಿಳಿ ಅಧಿಕಾರಿಗಳು ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಈ ಬಗ್ಗೆ ಪರಸ್ಪರ ಜಗಳಕ್ಕಿಳಿದಿದ್ದರು, ಮುಂದೆ ಕೆಲವು ಕಡೆ ತಾವೇ ಬೆಂಕಿ ಹಚ್ಚಲು ಶುರುಮಾಡಿದರು. ಆಂಗ್ಲರು ಹೋಗುವಾಗ ಪಾಠವನ್ನು ಬಿಟ್ಟುಹೋದರು, ಅನುಮಾನವನ್ನು ಜೊತೆಗೆ ಒಯ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸಿತು. ತಪ್ಪಿದರೆ ಮೂರು ವರ್ಷದವರೆಗೆ ಜೈಲು. ಕಾಯ್ದೆಯ ಪ್ರತಿ ಬೆಂಕಿಗೆ ತಲುಪಿತೋ ಇಲ್ಲವೋ, ಸೋಲಿಗರಿಗಂತೂ ತಲುಪಿತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬುದೊಂದಿತ್ತು. ಚಳಿ ಇನ್ನೂ ಬಿಟ್ಟಿರುವುದಿಲ್ಲ, ಹುಲ್ಲಿನ ಬುಡದಲ್ಲಿ ಹಸಿ ಇರುತ್ತದೆ, ಉದುರಿದ ತರಗೆಲೆ ಮಾತ್ರ ಒಣಗಿರುತ್ತದೆ. ಆಗ ಹಚ್ಚಿದ ಬೆಂಕಿ ಮೊಣಕಾಲಿನ ಮಟ್ಟದಲ್ಲಿ ತೆವಳಿಕೊಂಡು ಹೋಗಿ ತಾನೇ ಆರುತ್ತದೆ. ದೊಡ್ಡ ಮರಕ್ಕೆ ಬಿಸಿ ತಾಗದು, ಲಂಟಾನದ ಎಳೆಯ ಸಸಿ ಉಳಿಯದು, ನೆಲ್ಲಿಮರ ಹಿಂಡುವ ಬಂದಳಿಕೆಗೂ ಅಂಕೆ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ಅಪರಾಧವಾಯಿತು. ಎಟ್ರೀ ಸಂಸ್ಥೆಯ ಸಂಶೋಧಕರು ಅದೇ ಕಾಡಿನಲ್ಲಿ ಅಳೆದು ನೋಡಿದಾಗ 1997ರಿಂದ 2008ರೊಳಗೆ ಲಂಟಾನ ಹಬ್ಬಿದ ಜಾಗ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಸೋಲಿಗರು ಇದನ್ನು ಮೊದಲೇ ಹೇಳಿದ್ದರು, ಆದರೆ ಅವರು ಅದನ್ನು ಗ್ರಾಫಿನಲ್ಲಿ ಹೇಳಿರಲಿಲ್ಲ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು, ಹುಲಿ ಸಂರಕ್ಷಿತ ಪ್ರದೇಶದೊಳಗೆ ದೇಶದಲ್ಲೇ ಮೊದಲು. ಜೇನು ಕೀಳಬಹುದು, ನೆಲ್ಲಿಕಾಯಿ ಆರಿಸಬಹುದು. ಬೆಂಕಿಪೊಟ್ಟಣ ಆ ಪಟ್ಟಿಯಲ್ಲಿಲ್ಲ.

ಹಾಗೆಂದು ಕಂಡಕಂಡಲ್ಲಿ ಕಡ್ಡಿ ಗೀರಿ ಎಂದು ನಾನು ಹೇಳುತ್ತಿಲ್ಲ. ಶೋಲಾ ಕಾಡಿಗೆ ಬೆಂಕಿ ಹೊಕ್ಕರೆ ಅದು ಮತ್ತೆ ಏಳಲು ನಮ್ಮ ಆಯುಷ್ಯ ಸಾಲದು. ಮಾರ್ಚಿನ ಮಧ್ಯಾಹ್ನ ಹಚ್ಚಿದ್ದು ಜನವರಿಯ ಬೆಳಗ್ಗೆ ಹಚ್ಚಿದ್ದಲ್ಲ. ಯಾವ ಕಾಡಿಗೆ, ಯಾವ ತಿಂಗಳು, ಯಾವ ಹೊತ್ತಿನಲ್ಲಿ ಎಂಬ ವಿವೇಕವೇ ಇಲ್ಲಿನ ವಿದ್ಯೆ. ಆ ವಿದ್ಯೆ ಗೊತ್ತಿದ್ದ ಮುದುಕರು ಈಗ ಕಡಿಮೆ. ಅವರ ಮೊಮ್ಮಗ ಫೈರ್ ವಾಚರಾಗಿದ್ದಾನೆ, ತಾತ ಹಚ್ಚುತ್ತಿದ್ದ ಬೆಂಕಿಯನ್ನು ಆರಿಸಲು ದಿನಗೂಲಿ ಪಡೆಯುತ್ತಾನೆ. ಇಲಾಖೆ ರೇಖೆ ಸುಟ್ಟರೆ ಅದು ನಿಯಂತ್ರಿತ ದಹನ. ಇವನ ತಾತ ಸುಟ್ಟರೆ ಕಲಮು 30.

ಲಂಟಾನದ ಚರಿತ್ರೆ ಇದಕ್ಕಿಂತ ಸೊಗಸಾಗಿದೆ. ಹತ್ತೊಂಬತ್ತನೆಯ ಶತಮಾನದ ಶುರುವಿನಲ್ಲಿ ಬ್ರಿಟಿಷರು ಹೂವಿನ ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಉದ್ಯಾನದ ಬೇಲಿ ಹಾರಿ ದೇಶದ ಕಾಡನ್ನೆಲ್ಲ ಅದು ತುಂಬಿತು. ಜಿಂಕೆ ತಿನ್ನದು, ಆನೆ ತಿನ್ನದು, ಬೇಸಿಗೆಯಲ್ಲಿ ಕಡ್ಡಿ ಕಡ್ಡಿಯಾಗಿ ನಿಂತು ನೆಲದ ಬೆಂಕಿಯನ್ನು ಮರದ ತುದಿಗೆ ಏರಿಸುವ ಏಣಿಯಾಗುತ್ತದೆ. ನೀಲಗಿರಿಯ ಕಡೆ ಆದಿವಾಸಿ ಕುಶಲಕರ್ಮಿಗಳು ಇದೇ ಲಂಟಾನದ ಕಡ್ಡಿ ಬಗ್ಗಿಸಿ ಆಳೆತ್ತರ ಮೀರಿದ ಆನೆಗಳನ್ನು ಹೆಣೆದರು, ಆ ಆನೆಗಳ ಹಿಂಡು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತು ಭಾರೀ ಮೆಚ್ಚುಗೆ ಪಡೆಯಿತು. ಎರಡು ಶತಮಾನದಲ್ಲಿ ನಾವು ಬ್ರಿಟಿಷರಿಗೆ ಮರಳಿಸಿದ ಸಾಲ ಇದೊಂದೇ ಇರಬೇಕು. ಕಾಡಿನಲ್ಲಿ ಉಳಿದದ್ದಕ್ಕೆ ಲಂಟಾನ ನಿರ್ಮೂಲನಾ ಕಾಮಗಾರಿ ನಡೆದೇ ಇದೆ. ಬೇರುಸಹಿತ ಕೀಳದೆ ಬುಡ ಸವರಿದರೆ ಮಳೆಗಾಲಕ್ಕೆ ಮತ್ತೆ ಚಿಗುರುತ್ತದೆ, ಮುಂದಿನ ವರ್ಷಕ್ಕೂ ಕಾಮಗಾರಿ ಚಿಗುರುತ್ತದೆ. ಸುಸ್ಥಿರ ಅಭಿವೃದ್ಧಿ ಎನ್ನುವುದು ಇದಕ್ಕೇ ಇರಬೇಕು.

ಈ ತಪ್ಪು ನಮ್ಮದೊಂದೇ ಅಲ್ಲ ಎಂಬ ಸಮಾಧಾನಕ್ಕೆ ಅಮೆರಿಕ ಇದ್ದೇ ಇದೆ. 1910ರ ಆಗಸ್ಟಿನಲ್ಲಿ ಐಡಾಹೋ, ಮೊಂಟಾನಾಗಳಲ್ಲಿ ಎರಡೇ ದಿನಕ್ಕೆ ಸುಮಾರು ಮೂವತ್ತು ಲಕ್ಷ ಎಕರೆ ಉರಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಅರಣ್ಯ ಸೇವೆ ಬೆಂಕಿಯನ್ನು ವೈರಿ ಎಂದು ಘೋಷಿಸಿತು. 1935ರಲ್ಲಿ ಒಂದು ನಿಯಮ ಬಂತು: ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ಅದು ಹತೋಟಿಗೆ ಬಂದಿರಬೇಕು. 1944ರಲ್ಲಿ ಟೋಪಿ ಹಾಕಿದ ಕರಡಿಯೊಂದು ಭಿತ್ತಿಪತ್ರದಲ್ಲಿ ನಿಂತು ಎಚ್ಚರಿಕೆ ಹೇಳಿತು. ಎಷ್ಟು ಶ್ರದ್ಧೆಯಿಂದ ಆರಿಸಿದರೆಂದರೆ, ಹಿಂದೆ ಆದಿವಾಸಿಗಳ ಸಣ್ಣ ಬೆಂಕಿ ತಿಂದುಹಾಕುತ್ತಿದ್ದ ಸೌದೆಯೆಲ್ಲ ದಶಕಗಟ್ಟಲೆ ಪೇರಿಸಿಕೊಂಡು ಕೂತಿತು. 1978ರಲ್ಲಿ ಹತ್ತು ಗಂಟೆಯ ನಿಯಮ ಕೈಬಿಟ್ಟರು, ಈಗ ಕ್ಯಾಲಿಫೋರ್ನಿಯಾದಲ್ಲಿ ಯುರೋಕ್, ಕರುಕ್ ಆದಿವಾಸಿಗಳನ್ನು ಹುಡುಕಿಕೊಂಡು ಹೋಗಿ ಸಣ್ಣ ಬೆಂಕಿ ಹಚ್ಚುವುದನ್ನು ಕಲಿಯುತ್ತಿದ್ದಾರೆ. ನಮ್ಮಲ್ಲಿ ಆ ನಿಯಮ ಬರಲೇ ಇಲ್ಲ. ಬಂದಿದ್ದರೂ ಕಷ್ಟವಿತ್ತು. ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಕಚೇರಿಯ ಬಾಗಿಲೇ ತೆರೆದಿರುವುದಿಲ್ಲ.

ಉತ್ತರಾಖಂಡದವರು ನಮಗಿಂತ ಒಂದು ಹೆಜ್ಜೆ ಮುಂದೆ. 2024ರ ಬೇಸಿಗೆಯಲ್ಲಿ ಅಲ್ಲಿನ ಚೀರ್ ಪೈನಿನ ಕಾಡುಗಳು ಹೊತ್ತಿ ಉರಿಯುವಾಗ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ, ಬೆಂಕಿ ಇರುವುದು ಶೇ 0.1 ಭಾಗದಲ್ಲಿ ಮಾತ್ರ ಎಂದಿತು. ಮೋಡ ಬಿತ್ತನೆಯನ್ನೋ ವರುಣದೇವನನ್ನೋ ನಂಬಿ ಕೂರುವುದು ಪರಿಹಾರವಲ್ಲ ಎಂದು ನ್ಯಾಯಾಲಯ ಹೇಳಬೇಕಾಯಿತು. ವಿಚಾರಣೆ ಮುಂದುವರಿದಂತೆ ಗೊತ್ತಾದದ್ದು: ಬೆಂಕಿಯ ಋತುವಿನಲ್ಲಿ ಅರಣ್ಯ ಸಿಬ್ಬಂದಿಯನ್ನು ಚುನಾವಣಾ ಕರ್ತವ್ಯಕ್ಕೆ ಹಾಕಿದ್ದರು, ಕೇಳಿದ್ದು ಹತ್ತು ಕೋಟಿ, ಸಿಕ್ಕಿದ್ದು 3.15 ಕೋಟಿ. ಜೂನಿನಲ್ಲಿ ಬಿನ್ಸರ್ ಅಭಯಾರಣ್ಯದಲ್ಲಿ ಬೆಂಕಿ ಆರಿಸಲು ಹೋದ ಸಿಬ್ಬಂದಿಯೇ ಬೆಂದುಹೋದರು. ಮುಂದೆ ಮಹಾಲೇಖಪಾಲರ ವರದಿ ಬಂತು. ಆ ರಾಜ್ಯದಲ್ಲಿ ಪರಿಹಾರಾತ್ಮಕ ಅರಣ್ಯೀಕರಣಕ್ಕೆಂದು ಇಟ್ಟ ಹಣದಲ್ಲಿ ಐಫೋನು, ಲ್ಯಾಪ್‌ಟಾಪು, ಫ್ರಿಜ್ಜು ಕೊಂಡದ್ದು ಅದರಲ್ಲಿತ್ತು. ಫ್ರಿಜ್ಜು ಕೊಂಡದ್ದನ್ನು ಟೀಕಿಸಬಾರದು. ಹೊರಗೆ ಅಷ್ಟು ಸೆಕೆಯಿತ್ತು.

ನಮ್ಮ ಕಡೆ ಅಂಥ ಐಷಾರಾಮವಿಲ್ಲ, ನಾವು ಮಳೆಯನ್ನೇ ನೆಚ್ಚಿದವರು. ಏಪ್ರಿಲಿನಲ್ಲಿ ಅಶ್ವಿನಿ ಮಳೆಯ ನಾಲ್ಕು ಹನಿ ಬಿದ್ದ ಸಂಜೆ, ‘ಸಿಬ್ಬಂದಿಯ ಅವಿರತ ಶ್ರಮದಿಂದ ಬೆಂಕಿ ಸಂಪೂರ್ಣ ಹತೋಟಿಗೆ’ ಎಂಬ ಪ್ರಕಟಣೆ ಹೊರಡುತ್ತದೆ. ಮಳೆಗೆ ಟಿಎ, ಡಿಎ ಕೊಡುವ ಪದ್ಧತಿಯಿಲ್ಲದ್ದರಿಂದ ಅದು ಹಕ್ಕು ಸಾಧಿಸಲು ಬರುವುದಿಲ್ಲ. ನಗರದಿಂದ ಪರಿಸರಪ್ರೇಮಿಗಳು ಬೀಜದುಂಡೆಗಳ ಚೀಲ ಹೊತ್ತು ಬರುತ್ತಾರೆ, ಸುಟ್ಟ ಕಾಡಿಗೆ ಬೀಜ ಎರಚಬೇಕೆಂದು ಅವರ ಹಟ. ನೆಲದಲ್ಲಿ ಈಗಾಗಲೇ ಸಾಕಷ್ಟು ಬೀಜವಿದೆ, ಹುಲ್ಲು ಎರಡೇ ಮಳೆಗೆ ಹಸಿರಾಗುತ್ತದೆ, ನೀವು ಎರಚುವುದರಲ್ಲಿ ಇಲ್ಲಿಯದಲ್ಲದ ಜಾತಿಯೇ ಹೆಚ್ಚು ಎಂದು ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ. ಪಾಪ, ಟೀ ಶರ್ಟ್ ಮಾಡಿಸಿಕೊಂಡು ಬಂದಿರುತ್ತಾರೆ.

ಆಮೇಲೆ ಜೂನ್ ಐದು, ವಿಶ್ವ ಪರಿಸರ ದಿನ. ರೇಂಜ್ ಕಚೇರಿಯ ಮುಂದೆ ಶಾಮಿಯಾನ, ಗುಂಡಿಗಳು, ಗುಂಡಿಯ ಪಕ್ಕ ಕೆಂಪು ರಿಬ್ಬನ್ ಕಟ್ಟಿದ ಸಸಿಗಳು. ಗುಂಡಿ ತೋಡಿದವನು ಫೆಬ್ರವರಿಯಲ್ಲಿ ಬೆಂಕಿ ಬಡಿದ ಅದೇ ವಾಚರು. ಮುಂಗೈಯ ಸುಟ್ಟ ಕಲೆ ಇನ್ನೂ ಮಾಸಿಲ್ಲ. ಅತಿಥಿಗಳ ಭಾಷಣ ಶುರುವಾಗುವ ಮುಂಚೆ ಅವನು ಮೆಲ್ಲಗೆ ಸಾಹೇಬರ ಬಳಿ ಬಂದ.

“ಸಾ, ಫೆಬ್ರವರಿ ಮಾರ್ಚಿನದು ಕೂಲಿ ಇನ್ನೂವೆ ಬಂದಿಲ್ಲ ಸಾ.”

“ಬೆಂಕಿ ಬಿದ್ದಿದ್ದಕ್ಕೆ ದಾಖಲೆ ಬೇಕಲ್ಲಪ್ಪ. ನೀನೇ ತಾನೆ ಬೆಂಕಿ ಇಲ್ಲ ಅಂತ ಬರೆದು ಹಾಕಿದ್ದು?”